ಗೋಕಾಕ ಜಿಲ್ಲೆ: ಘೋಷಣೆ ಬೇರೆ, ಅಧಿಸೂಚನೆ ಬೇರೆ

ಗೋಕಾಕ: 2025ರ ಡಿಸೆಂಬರ್ 31 ಬಂತು, ಹೋಯ್ತು. ಗೋಕಾಕ ಜಿಲ್ಲೆ ಆಗಲಿಲ್ಲ. ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಡಿಸೆಂಬರ್ 8ರಂದು ಚಳಿಗಾಲದ ಅಧಿವೇಶನ ಶುರುವಾದಾಗ ಪೇಟೆಯಲ್ಲಿ ಇದ್ದ ಆಸೆ ವರ್ಷದ ಕೊನೆಗೆ ತಣ್ಣಗಾಯಿತು. "ಇರ್ಲಿ ಬಿಡ್ರಿ, ಮುಂದಿನ ಅಧಿವೇಶನದಾಗ ಆಗತೈತಿ" ಅನ್ನುವ ಮಾತು ಈಗ ಚಹಾದಂಗಡಿ, ಕಿರಾಣಿ ಅಂಗಡಿಗಳಲ್ಲಿ ಕೇಳುತ್ತಿದೆ.

ಮುಂದಿನ ಅಧಿವೇಶನದಲ್ಲೂ ಆಗೋದು ಸಾಧ್ಯವಿಲ್ಲ. ಇದರಲ್ಲಿ ಯಾವ ನಾಯಕರ ಮನಸ್ಸಿನ ಪ್ರಶ್ನೆಯೂ ಇಲ್ಲ, ಕಾನೂನೇ ತಡೆದಿದೆ. ಜನಗಣತಿಗಾಗಿ ದೇಶದ ಎಲ್ಲ ಜಿಲ್ಲೆ, ತಾಲೂಕು, ಊರುಗಳ ಗಡಿಯನ್ನು 2026ರ ಜನವರಿ 1ರಿಂದ 2027ರ ಮಾರ್ಚ್ 31ರವರೆಗೆ ಬದಲಿಸುವಂತಿಲ್ಲ. 1990ರ ಜನಗಣತಿ ನಿಯಮಗಳು ಕೇಂದ್ರಕ್ಕೆ ಈ ಅಧಿಕಾರ ಕೊಟ್ಟಿವೆ. ಕಾರಣ ಸರಳ. ಎಣಿಕೆಗೆ ಬಂದವರ ಕೈಯಲ್ಲಿನ ನಕ್ಷೆ ಮತ್ತು ಪಟ್ಟಿ ನಡುವೆ ಬದಲಾದರೆ ಒಂದು ಊರು ಎರಡು ಕಡೆ ಎಣಿಕೆಯಾಗಬಹುದು, ಇಲ್ಲವೇ ಎಲ್ಲೂ ಆಗದೆ ಉಳಿಯಬಹುದು. ಮನೆಪಟ್ಟಿ ಹಂತ 2026ರ ಏಪ್ರಿಲ್‌ನಿಂದ ಸೆಪ್ಟೆಂಬರ್ ನಡುವೆ, ತಲೆ ಎಣಿಕೆ 2027ರ ಫೆಬ್ರುವರಿಯಲ್ಲಿ, ಲೆಕ್ಕದ ದಿನ ಮಾರ್ಚ್ 1.

ಹಾಗಾಗಿ ಈ ಹದಿನೈದು ತಿಂಗಳಲ್ಲಿ ವೇದಿಕೆ ಮೇಲೆ ಯಾರೇ "ಗೋಕಾಕ ಜಿಲ್ಲೆ ಮಾಡಿಯೇ ತೀರುತ್ತೇವೆ" ಅಂದರೂ ಅದು ಮಾತಷ್ಟೇ. ಆ ಮಾತು ಜಿಲ್ಲೆಯಾಗಲು ಯಾವ ಕಾಗದ ಬೇಕು, ಅದಕ್ಕೆ ಯಾರು ಸಹಿ ಮಾಡಬೇಕು, ಬಂದರೆ ಗೋಕಾಕ, ಮೂಡಲಗಿ, ಹುಕ್ಕೇರಿಯ ಮಂದಿಗೆ ಏನು ಸಿಗುತ್ತದೆ, ಏನು ಸಿಗೋದಿಲ್ಲ ಎಂಬುದನ್ನು ನೋಡಲು ಇದು ಒಳ್ಳೆಯ ಸಮಯ.

ಜಿಲ್ಲೆ ಮಾಡೋರು ಯಾರು?

ಮನವಿಪತ್ರಗಳು ಎಲ್ಲ ಕಡೆ ಹೋಗುತ್ತವೆ. ಶಾಸಕರಿಗೆ, ಸಂಸದರಿಗೆ, ಜಿಲ್ಲಾಧಿಕಾರಿಗೆ, ಕೆಲವೊಮ್ಮೆ ರಾಷ್ಟ್ರಪತಿಗೂ. ಆದರೆ ಜಿಲ್ಲೆ ರಚಿಸುವ ಅಧಿಕಾರ ಇರೋದು ಒಂದೇ ಕಡೆ, ರಾಜ್ಯ ಸರಕಾರದ ಬಳಿ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 4ನೇ ಕಲಂ ಪ್ರಕಾರ ಸರಕಾರ ಅಧಿಸೂಚನೆ ಹೊರಡಿಸಿ ಜಿಲ್ಲೆ, ತಾಲೂಕುಗಳ ಗಡಿ ಬದಲಿಸಬಹುದು, ಹೊಸದನ್ನು ರಚಿಸಬಹುದು. ವಿಧಾನಸಭೆಯಲ್ಲಿ ಮಸೂದೆ ಪಾಸಾಗಬೇಕಿಲ್ಲ, ದಿಲ್ಲಿಯ ಒಪ್ಪಿಗೆಯೂ ಬೇಕಿಲ್ಲ. ಸಚಿವ ಸಂಪುಟ ತೀರ್ಮಾನ ಮಾಡುತ್ತದೆ, ಕಂದಾಯ ಇಲಾಖೆ ಕರಡು ಅಧಿಸೂಚನೆ ಹೊರಡಿಸಿ ಜನರ ಆಕ್ಷೇಪಣೆ ಕರೆಯುತ್ತದೆ, ಅವನ್ನು ನೋಡಿದ ಮೇಲೆ ಅಂತಿಮ ಅಧಿಸೂಚನೆ ರಾಜ್ಯಪತ್ರದಲ್ಲಿ ಅಚ್ಚಾಗುತ್ತದೆ. ಅವತ್ತು ಜಿಲ್ಲೆ ಹುಟ್ಟಿತು ಅಂತ ಲೆಕ್ಕ.

ಇದಕ್ಕೆ ತೀರಾ ಈಚಿನ ಉದಾಹರಣೆ ವಿಜಯನಗರ ಜಿಲ್ಲೆ. 2020ರ ನವೆಂಬರಿನಲ್ಲಿ ಸಂಪುಟ ಒಪ್ಪಿತು. ಬಳ್ಳಾರಿಯಲ್ಲಿ ವಿರೋಧ, ಬಂದ್ ಎಲ್ಲವೂ ಆದವು. ಡಿಸೆಂಬರಿನಲ್ಲಿ ಕರಡು ಬಂತು, ಆಕ್ಷೇಪಣೆಗೆ 30 ದಿನ ಕೊಟ್ಟರು. 2021ರ ಫೆಬ್ರುವರಿ 8ರಂದು ಅಂತಿಮ ಅಧಿಸೂಚನೆ ಹೊರಬಿತ್ತು. ಹೊಸಪೇಟೆ ಕೇಂದ್ರವಾಗಿ ರಾಜ್ಯದ 31ನೇ ಜಿಲ್ಲೆಯಾಯಿತು. ಸರಕಾರ ಮನಸ್ಸು ಮಾಡಿದರೆ ಮೂರು ತಿಂಗಳೊಳಗೆ ಮುಗಿಯುವ ಕೆಲಸ ಅನ್ನೋದಕ್ಕೆ ಇದೇ ಸಾಕ್ಷಿ. ಗೋಕಾಕದ ವಿಷಯದಲ್ಲಿ "ಪ್ರಕ್ರಿಯೆ ದೊಡ್ಡದು" ಎಂಬ ನೆಪ ನಿಲ್ಲೋದಿಲ್ಲ.

ಕೋರ್ಟಿಗೆ ಹೋದರೆ? ಅಲ್ಲಿ ಹೆಚ್ಚು ಆಸೆ ಇಟ್ಟುಕೊಳ್ಳುವಂತಿಲ್ಲ. ಆಂಧ್ರದ ಮಂಡಲ ಕೇಂದ್ರಗಳ ಜಾಗದ ಬಗ್ಗೆ ಎದ್ದ ತಕರಾರಿನಲ್ಲಿ ಸುಪ್ರೀಂ ಕೋರ್ಟ್ 1988ರಲ್ಲೇ, ಆಡಳಿತ ಕೇಂದ್ರ ಎಲ್ಲಿರಬೇಕು ಅನ್ನೋದು ಸರಕಾರದ ನೀತಿಯ ವಿಷಯ, ಕೋರ್ಟ್ ಆ ಜಾಗದಲ್ಲಿ ಕೂತು ಆರಿಸಲಾಗದು ಎಂದು ಹೇಳಿಬಿಟ್ಟಿದೆ. ತೀರಾ ಮನಸೋಇಚ್ಛೆ ನಡೆದಿದ್ದರೆ ಮಾತ್ರ ಕೋರ್ಟ್ ಕೈಹಾಕುತ್ತದೆ.

ಸಮಿತಿ ವರದಿಗಳದ್ದೂ ಅದೇ ಕಥೆ. ಗೋಕಾಕದ ಪ್ರತಿ ಮನವಿಪತ್ರದಲ್ಲೂ ವಾಸುದೇವರಾವ್ ಸಮಿತಿ, ಹುಂಡೇಕರ ಸಮಿತಿ, ಗದ್ದಿಗೌಡರ ಸಮಿತಿಗಳ ಹೆಸರು ಬರುತ್ತದೆ. ಮನವಿಗೆ ಬಲ ಬರಲು ಅವು ಬೇಕು. ಆದರೆ ಸಮಿತಿಯ ಶಿಫಾರಸು ಸರಕಾರವನ್ನು ಕಟ್ಟಿಹಾಕೋದಿಲ್ಲ. ಶಿಫಾರಸು ಕಪಾಟಿನಲ್ಲಿ ಕೂತರೆ ಅದನ್ನು ಎಬ್ಬಿಸುವ ಕಾನೂನು ಯಾವುದೂ ಇಲ್ಲ.

ಒಮ್ಮೆ ಕೈಗೆ ಬಂದಿತ್ತು

1997ರಲ್ಲಿ ಜೆ.ಎಚ್. ಪಟೇಲರ ಸರಕಾರ ರಾಜ್ಯದಲ್ಲಿ ಏಳು ಹೊಸ ಜಿಲ್ಲೆ ಮಾಡಿತು: ಬಾಗಲಕೋಟೆ, ಗದಗ, ಹಾವೇರಿ, ಕೊಪ್ಪಳ, ಉಡುಪಿ, ಚಾಮರಾಜನಗರ, ದಾವಣಗೆರೆ. ಅದೇ ಹೊತ್ತಿನಲ್ಲಿ ಗೋಕಾಕ ಮತ್ತು ಚಿಕ್ಕೋಡಿ ಹೆಸರೂ ಘೋಷಣೆಯಾಗಿದ್ದವು. ಕನ್ನಡ ಸಂಘಟನೆಗಳು ವಿರೋಧಿಸಿದವು, ಸರಕಾರ ಹಿಂದೆ ಸರಿಯಿತು. ಅವತ್ತು ಹೊಸ ಜಿಲ್ಲೆಯಾದ ಬಾಗಲಕೋಟೆಯಲ್ಲಿ ಜಿಲ್ಲಾಡಳಿತ ಭವನ ಎದ್ದು ನಿಂತು ಎಷ್ಟೋ ವರ್ಷವಾಯಿತು. ಗೋಕಾಕದವರು ಈಗಲೂ ಬೆಳಗಾವಿ ಬಸ್ ಹತ್ತುತ್ತಿದ್ದಾರೆ.

ವಿರೋಧದ ಕಾರಣ ಗಡಿ ವಿವಾದ. ಕನ್ನಡಿಗರೇ ಹೆಚ್ಚಿರುವ ತಾಲೂಕುಗಳು ಹೊರಹೋದರೆ ಉಳಿದ ಬೆಳಗಾವಿ ಜಿಲ್ಲೆಯಲ್ಲಿ ಮರಾಠಿ ಭಾಷಿಕರ ಪ್ರಮಾಣ ಏರುತ್ತದೆ, ಮಹಾರಾಷ್ಟ್ರದ ವಾದಕ್ಕೆ ಅದು ಬಲ ಕೊಡುತ್ತದೆ ಎಂಬ ಭಯ. ಲೆಕ್ಕದ ಮಟ್ಟಿಗೆ ಈ ಭಯ ಸುಳ್ಳಲ್ಲ. ಆದರೆ ಕಾನೂನಿನ ಮಟ್ಟಿಗೆ ಎರಡು ಗೆರೆಗಳು ಬೇರೆ ಬೇರೆ. ರಾಜ್ಯದ ಗಡಿ ಬದಲಿಸುವ ಅಧಿಕಾರ ಸಂವಿಧಾನದ 3ನೇ ವಿಧಿಯಲ್ಲಿ ಸಂಸತ್ತಿಗಿದೆ. ಮಹಾರಾಷ್ಟ್ರ 2004ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಹೂಡಿದ ದಾವೆಯೂ ರಾಜ್ಯದ ಗಡಿಗೆ ಸಂಬಂಧಿಸಿದ್ದು. ಜಿಲ್ಲೆಯ ಗಡಿ ರಾಜ್ಯದ ಒಳಗಿನ ಮನೆಗೆಲಸ. ಅಣ್ಣತಮ್ಮಂದಿರು ಮನೆಯೊಳಗೆ ಗೋಡೆ ಕಟ್ಟಿಕೊಂಡರೆ ಬಾಜೂ ಮನೆಯವರ ಹದ್ದು ಸರಿಯೋದಿಲ್ಲ. ಅಷ್ಟಕ್ಕೂ ಬೈಲಹೊಂಗಲ, ಸವದತ್ತಿ, ರಾಮದುರ್ಗ, ಕಿತ್ತೂರು ಬೆಳಗಾವಿಯ ಜೊತೆಗೇ ಉಳಿಯುವುದಾದರೆ ಲೆಕ್ಕವೂ ಹೇಳಿದಷ್ಟು ವಾಲೋದಿಲ್ಲ. ಈ ಮಾತನ್ನು ಗಟ್ಟಿಯಾಗಿ, ಅಂಕಿ ಇಟ್ಟುಕೊಂಡು ಬೆಳಗಾವಿಯ ಕನ್ನಡ ಸಂಘಟನೆಗಳ ಮುಂದೆ ಹೇಳುವ ಕೆಲಸ ಗೋಕಾಕದಿಂದ ಆಗಬೇಕು. ಬಂದ್ ಮಾಡೋದಕ್ಕಿಂತ ಅದು ಕಷ್ಟದ ಕೆಲಸ, ನಿಜ.

1997 ಕಲಿಸಿದ್ದು ಇನ್ನೊಂದು ಇದೆ. ಘೋಷಣೆಯನ್ನು ವಾಪಸ್ ತೆಗೆದುಕೊಳ್ಳೋದು ಬಹಳ ಸುಲಭ. ಮೂಡಲಗಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2013ರಲ್ಲಿ ಜಗದೀಶ ಶೆಟ್ಟರ್ ಸರಕಾರದ ಬಜೆಟ್ 43 ಹೊಸ ತಾಲೂಕು ಘೋಷಿಸಿತು, ಮೂಡಲಗಿಯೂ ಅದರಲ್ಲಿತ್ತು. ಬಜೆಟ್ ಪುಸ್ತಕದಲ್ಲಿ ತಾಲೂಕು ಇತ್ತು, ಊರಲ್ಲಿ ಕಚೇರಿ ಇರಲಿಲ್ಲ. 2017ರಲ್ಲಿ ಸಿದ್ದರಾಮಯ್ಯ ಸರಕಾರ 49 ತಾಲೂಕುಗಳನ್ನು ಮತ್ತೆ ಘೋಷಿಸಿತು. ಆಮೇಲೆ ಬಂದ ಪಟ್ಟಿಯಲ್ಲಿ ಮೂಡಲಗಿ ಹೆಸರೇ ಬಿಟ್ಟುಹೋಗಿತ್ತು. ಊರಿಗೆ ಊರೇ ಬೀದಿಗಿಳಿದ ಮೇಲೆ ಸೇರಿತು. ಘೋಷಣೆಯಿಂದ ತಹಶೀಲ್ದಾರರ ಕುರ್ಚಿಯವರೆಗೆ ವರ್ಷಗಳೇ ಬೇಕಾದವು.

ಒಂದು ಉತಾರ, ಮೂರು ಊರು

ಬಂದ್ ದಿನ ಶಟರ್ ಎಳೆಯುವ ಅಂಗಡಿಕಾರನಿಗೆ ಜಿಲ್ಲೆಯಿಂದ ಏನು ಲಾಭ? ಇದನ್ನು ತಿಳಿಯಲು ಒಂದು ಉತಾರದ ಬೆನ್ನು ಹತ್ತಿದರೆ ಸಾಕು.

ಅಪ್ಪ ತೀರಿಕೊಂಡರು, ವಾರಸಾ ಹಚ್ಚಬೇಕು. ಅಥವಾ ಅಣ್ಣತಮ್ಮಂದಿರ ವಾಟ್ನಿ ಆಗಿದೆ, ಹೆಸರು ಬೇರೆ ಆಗಬೇಕು. ಅರ್ಜಿ ನಾಡಕಚೇರಿಯಲ್ಲೋ ತಹಶೀಲ್ದಾರರ ಕಚೇರಿಯಲ್ಲೋ ಹೋಗುತ್ತದೆ. ತಕರಾರು ಇಲ್ಲದಿದ್ದರೆ ಅಲ್ಲೇ ಮುಗಿಯಿತು, ಬೆಳಗಾವಿ ನೋಡುವ ಕೆಲಸವೇ ಇಲ್ಲ. ತಕರಾರು ಎದ್ದು, ತಹಶೀಲ್ದಾರರ ಹಂತದ ಆದೇಶ ಒಪ್ಪಿಗೆ ಆಗದಿದ್ದರೆ ಮೇಲ್ಮನವಿ ಹೋಗೋದು ಉಪವಿಭಾಗಾಧಿಕಾರಿ, ಅಂದರೆ ಎಸಿ ಬಳಿ. ಗೋಕಾಕಕ್ಕೆ ಎಸಿ ಎಲ್ಲಿ? ಬೈಲಹೊಂಗಲದಲ್ಲಿ. ಅಲ್ಲೂ ಸರಿಹೋಗದಿದ್ದರೆ ಜಿಲ್ಲಾಧಿಕಾರಿ, ಬೆಳಗಾವಿ. ಒಂದು ಹೊಲದ ಜಗಳಕ್ಕೆ ಮೂರು ಊರು. ಪ್ರತಿ ತಾರೀಖಿಗೆ ಬಸ್ ಚಾರ್ಜು, ವಕೀಲರ ಫೀ, ಬಂದ್ ಇಟ್ಟ ಅಂಗಡಿಯ ಒಂದು ದಿನದ ವ್ಯಾಪಾರ. ತಾರೀಖು ಮುಂದಕ್ಕೆ ಹೋಯಿತು ಅಂತ ಮಧ್ಯಾಹ್ನ ಗೊತ್ತಾದರೆ ಅದೂ ಹೋಯಿತು.

ಎನ್‌ಎ ಮಾಡಿಸೋದೂ ಹಾಗೇ. ಹೊಲದ ಜಾಗದಲ್ಲಿ ಗೋದಾಮು, ಪ್ಲಾಟು, ಪೆಟ್ರೋಲ್ ಬಂಕ್ ಏನೇ ಮಾಡಬೇಕೆಂದರೂ ಭೂಪರಿವರ್ತನೆಯ ಆದೇಶ ಕಾಯ್ದೆಯ 95ನೇ ಕಲಂ ಪ್ರಕಾರ ಜಿಲ್ಲಾಧಿಕಾರಿಯ ಅಧಿಕಾರ. ಅರ್ಜಿ ಆನ್‌ಲೈನ್ ಆಗಿದೆ. ಕಡತಕ್ಕೆ ಏನಾದರೂ ಆಕ್ಷೇಪ ಬಿದ್ದರೆ ಮಾತ್ರ ಮನುಷ್ಯನೇ ಹೋಗಬೇಕು.

ಇನ್ನು ಉಳಿದ ಇಲಾಖೆಗಳನ್ನು ನೋಡಿದರೆ ಚಿತ್ರ ಬೇರೆಯಾಗುತ್ತದೆ. ವಾಹನ ನೋಂದಣಿಗೆ ಗೋಕಾಕ ಈಗಾಗಲೇ ತನ್ನದೇ ಆರ್‌ಟಿಒ ಹೊಂದಿದೆ, ಗಾಡಿ ನಂಬರೇ ಕೆಎ-49. ಪೊಲೀಸ್ ಉಪವಿಭಾಗ, ಡಿವೈಎಸ್‌ಪಿ ಗೋಕಾಕದಲ್ಲೇ. ಹೆಚ್ಚುವರಿ ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಲಯ ಗೋಕಾಕದಲ್ಲೇ ಕೂರುತ್ತದೆ. ಶಾಲೆಗಳ ಲೆಕ್ಕದಲ್ಲಿ ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಗೆ ಸೇರಿವೆ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗ ಟಿವಿಯಲ್ಲಿ ಹುಡುಕಬೇಕಾದ ಹೆಸರು ಬೆಳಗಾವಿ ಅಲ್ಲ, ಚಿಕ್ಕೋಡಿ. ಲೋಕಸಭೆಗೆ ಬಂದರೆ ಗೋಕಾಕ ಮತ್ತು ಅರಭಾವಿ ಕ್ಷೇತ್ರಗಳು ಬೆಳಗಾವಿಯಲ್ಲಿ, ಹುಕ್ಕೇರಿ ಮತ್ತು ಯಮಕನಮರಡಿ ಚಿಕ್ಕೋಡಿಯಲ್ಲಿ. ಹುಕ್ಕೇರಿ ತಾಲೂಕಿನಲ್ಲಂತೂ ಕರೆಂಟ್ ಬಿಲ್ಲು ಕೂಡ ಹೆಸ್ಕಾಂ ಹೆಸರಲ್ಲಿ ಬರೋದಿಲ್ಲ, 1969ರಿಂದ ಅಲ್ಲಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವೇ ಕರೆಂಟು ಹಂಚುತ್ತದೆ.

ಅಂದರೆ "ಜಿಲ್ಲೆ" ಅನ್ನೋದು ಒಂದೇ ಗೆರೆ ಅಲ್ಲ. ಕಂದಾಯದ ಗೆರೆ ಒಂದು, ಶಿಕ್ಷಣದ್ದು ಇನ್ನೊಂದು, ನ್ಯಾಯಾಲಯದ್ದು ಮತ್ತೊಂದು, ಮತದಾನದ್ದು ಮಗದೊಂದು. ಕಂದಾಯ ಜಿಲ್ಲೆಯ ಅಧಿಸೂಚನೆ ಬಂದ ಮಾತ್ರಕ್ಕೆ ಉಳಿದವು ತಾವಾಗಿಯೇ ಸಾಲು ಹಿಡಿಯೋದಿಲ್ಲ. ಪ್ರತ್ಯೇಕ ಪ್ರಧಾನ ಜಿಲ್ಲಾ ನ್ಯಾಯಾಲಯ ಬೇಕಾದರೆ ಹೈಕೋರ್ಟಿನ ಜೊತೆ ಸಮಾಲೋಚನೆ ಆಗಬೇಕು. ಜಿಲ್ಲಾ ಪಂಚಾಯತಿ ಬೇರೆ ಕಾಯ್ದೆಯ ಕೆಳಗೆ ಬರುತ್ತದೆ. ಅದರಲ್ಲೂ 2016ರಲ್ಲಿ ಆಯ್ಕೆಯಾದ ಸದಸ್ಯರ ಅವಧಿ 2021ರಲ್ಲಿ ಮುಗಿದ ಮೇಲೆ ರಾಜ್ಯದಲ್ಲಿ ಜಿಲ್ಲಾ ಪಂಚಾಯತಿ ಚುನಾವಣೆಯೇ ನಡೆದಿಲ್ಲ. ಹೊಸ ಜಿಲ್ಲೆಗೆ ಹೊಸ ಜಿಲ್ಲಾ ಪಂಚಾಯತಿ ಬಂದರೂ ಸದ್ಯಕ್ಕೆ ಅಲ್ಲಿ ಕೂರೋದು ಅಧಿಕಾರಿಗಳು ಮಾತ್ರ.

ಅಂಗಡಿಯ ವ್ಯಾಪಾರ ಪರವಾನಗಿ? ಅದು ಗೋಕಾಕದಲ್ಲಿ ನಗರಸಭೆ, ಮೂಡಲಗಿ, ಹುಕ್ಕೇರಿಯಲ್ಲಿ ಪುರಸಭೆ ಕೊಡುವಂಥದ್ದು. ಜಿಲ್ಲೆ ಆದರೂ, ಆಗದಿದ್ದರೂ ಅದೇ ಕೌಂಟರ್.

ಎಸಿ ಕಚೇರಿಯನ್ನು ಕೇಳುವವರಿಲ್ಲ

ಈ ಮೇಲಿನ ಪಟ್ಟಿಯಿಂದ ಒಂದು ವಿಷಯ ಎದ್ದು ಕಾಣುತ್ತದೆ. ಆರ್‌ಟಿಒ, ಡಿವೈಎಸ್‌ಪಿ, ಸೆಷನ್ಸ್ ಕೋರ್ಟು ಇವೆಲ್ಲ ಗೋಕಾಕಕ್ಕೆ ಬಂದದ್ದು ಜಿಲ್ಲೆ ಆಗದೆಯೇ. ಜನ ಹೆಚ್ಚು ಸುತ್ತುವುದು ಕಂದಾಯದ ಕೆಲಸಕ್ಕೆ, ಅದರಲ್ಲೂ ಮೊದಲ ಮೇಲ್ಮನವಿಗೆ. ಆ ಕಚೇರಿ ಇನ್ನೂ ಬೈಲಹೊಂಗಲದಲ್ಲಿದೆ. ಮೂವತ್ತು ವರ್ಷಗಳ ಹೋರಾಟದಲ್ಲಿ "ಗೋಕಾಕಕ್ಕೆ ಕಂದಾಯ ಉಪವಿಭಾಗ ಕೊಡಿ" ಎಂಬ ಬೇಡಿಕೆ "ಜಿಲ್ಲೆ ಕೊಡಿ" ಎಂಬ ಘೋಷಣೆಯ ಸದ್ದಿನಲ್ಲಿ ಮುಚ್ಚಿಹೋಗಿದೆ. ದೊಡ್ಡದು ಕೇಳುವಾಗ ಸಣ್ಣದು ಕೇಳಿದರೆ ದೊಡ್ಡದು ತಪ್ಪೀತು ಅನ್ನೋ ಅಂಜಿಕೆಯೂ ಇರಬಹುದು. ಆದರೆ ಅನುಭವ ಹೇಳೋದು ಉಲ್ಟಾ. ಕಚೇರಿಗಳು ಮೊದಲೇ ಇರುವ ಊರಿಗೆ ಜಿಲ್ಲೆ ಕೊಡೋದು ಸರಕಾರಕ್ಕೆ ಅಗ್ಗ, ಎಲ್ಲವನ್ನೂ ಮೊದಲಿಂದ ಕಟ್ಟಬೇಕಾದ ಊರಿಗೆ ಕೊಡೋದು ತುಟ್ಟಿ.

ಗಡಿ ಬದಲಿಸಲು ಆಗದ ಈ ಅವಧಿಯಲ್ಲೂ ಮಾಡಬಹುದಾದದ್ದು ಇದೆ. ಎಸಿಯವರು ವಾರದಲ್ಲಿ ನಿಗದಿತ ದಿನ ಗೋಕಾಕದಲ್ಲೇ ಕೂತು ಕಂದಾಯ ಪ್ರಕರಣ ನಡೆಸಲು ಯಾವ ಊರಿನ ಗಡಿಯೂ ಸರಿಯಬೇಕಿಲ್ಲ. ಒಂದು ಕೋಣೆ, ಒಬ್ಬ ಶಿರಸ್ತೇದಾರ, ಒಂದು ಆದೇಶ ಸಾಕು. ಇದನ್ನು ಶಾಸಕರು ಕೇಳಿ ತರಬಹುದು.

ಹುಕ್ಕೇರಿ ಯಾರ ಪಾಲು?

ಬೆಳಗಾವಿ ದೊಡ್ಡ ಜಿಲ್ಲೆ ಅನ್ನೋದರಲ್ಲಿ ತಕರಾರಿಲ್ಲ. 2011ರ ಗಣತಿಯಲ್ಲೇ 47.79 ಲಕ್ಷ ಜನ, 13 ಸಾವಿರ ಚದರ ಕಿ.ಮೀ. ಮೀರಿದ ವಿಸ್ತಾರ, ಈಗ 15 ತಾಲೂಕು, 18 ವಿಧಾನಸಭಾ ಕ್ಷೇತ್ರ. ಬೆಂಗಳೂರು ಬಿಟ್ಟರೆ ಇಷ್ಟು ಜನ ಇರುವ ಜಿಲ್ಲೆ ರಾಜ್ಯದಲ್ಲಿ ಇನ್ನೊಂದಿಲ್ಲ. ಜಿಲ್ಲಾ ಉಸ್ತುವಾರಿ ಸಚಿವ ಸತೀಶ ಜಾರಕಿಹೊಳಿ ಅವರೂ ಬೆಳಗಾವಿ, ಚಿಕ್ಕೋಡಿ, ಗೋಕಾಕ ಎಂದು ಮೂರು ಭಾಗ ಆಗಬೇಕು ಎನ್ನುತ್ತಲೇ ಬಂದಿದ್ದಾರೆ. ಗೋಕಾಕ ಮತ್ತು ಅರಭಾವಿ ಕ್ಷೇತ್ರಗಳ ಶಾಸಕರು ಅವರದೇ ಮನೆಯವರು, ಪಕ್ಷ ಬೇರೆ. ಆಳುವ ಪಕ್ಷ, ವಿರೋಧ ಪಕ್ಷ ಎರಡೂ ಒಂದೇ ಮನೆಯಲ್ಲಿರುವಾಗ ಕೆಲಸ ಯಾಕೆ ನಿಂತಿದೆ ಎಂಬ ಪ್ರಶ್ನೆ ಪೇಟೆಯಲ್ಲಿ ಏಳೋದು ಸಹಜ.

ನಿಜವಾದ ಗಂಟು ಇರೋದು ಹಂಚಿಕೆಯಲ್ಲಿ. ಗೋಕಾಕ, ಮೂಡಲಗಿ ಎರಡರ ಬಗ್ಗೆ ತಕರಾರಿಲ್ಲ. ಎರಡೇ ತಾಲೂಕಿಗೆ ಜಿಲ್ಲೆ ಆಗೋದಿಲ್ಲ, ಬೇರೆ ತಾಲೂಕು ಸೇರಲೇಬೇಕು. ಅಲ್ಲಿ ಹುಕ್ಕೇರಿ ಬರುತ್ತದೆ. ಘಟಪ್ರಭಾ ಕಡೆಯ ಊರುಗಳಿಗೆ ಗೋಕಾಕ ಹತ್ತಿರ. ಆದರೆ ಸಂಕೇಶ್ವರ, ಯಮಕನಮರಡಿ ರಾಷ್ಟ್ರೀಯ ಹೆದ್ದಾರಿ 48ರ ಮೇಲಿವೆ. ಅಲ್ಲಿಯವರು ಬಸ್ ಹತ್ತಿದರೆ ನೆಟ್ಟಗೆ ಬೆಳಗಾವಿಯಲ್ಲಿ ಇಳಿಯುತ್ತಾರೆ. ಅವರ ದವಾಖಾನೆ, ಕಾಲೇಜು, ಹೋಲ್‌ಸೇಲ್ ಖರೀದಿ ಎಲ್ಲ ಅದೇ ದಾರಿಯಲ್ಲಿ. ಗೋಕಾಕ ಜಿಲ್ಲೆಯಾದರೆ ಗೋಕಾಕದವರ ದಾರಿ ಕಡಿಮೆಯಾಗುತ್ತದೆ, ಸಂಕೇಶ್ವರದವರದ್ದು ಸುತ್ತಾಗುತ್ತದೆ. ಚಿಕ್ಕೋಡಿಗೆ ಸೇರಿಸಿದರೆ ಬೇರೆ ಲೆಕ್ಕ. ಹುಕ್ಕೇರಿಯ ವ್ಯಾಪಾರಸ್ಥರು ಈ ಬಗ್ಗೆ ಈಗಲೇ ತಮ್ಮ ಮನಸ್ಸು ಹೇಳದಿದ್ದರೆ, ಕರಡು ಅಧಿಸೂಚನೆ ಬಂದ ದಿನ ಯಾರದೋ ಕೋಣೆಯಲ್ಲಿ ಎಳೆದ ಗೆರೆಯೇ ಗಟ್ಟಿಯಾಗುತ್ತದೆ.

ಕರಡು ಬಂದ ಮೇಲೆ ಸಿಗೋದು ಕೆಲವೇ ದಿನ. ಆಗ ಆಕ್ಷೇಪಣೆಯನ್ನು ಯಾರು ಬೇಕಾದರೂ ಬರೆಯಬಹುದು. ಸಂಘದ ಲೆಟರ್‌ಹೆಡ್ ಬೇಕಿಲ್ಲ, ವಕೀಲರೂ ಬೇಕಿಲ್ಲ. ತಾಲೂಕು, ಊರು, ಈಗಿನ ಜಿಲ್ಲಾ ಕೇಂದ್ರಕ್ಕೆ ಎಷ್ಟು ದೂರ, ಹೊಸದಕ್ಕೆ ಎಷ್ಟು ದೂರ, ದಿನಕ್ಕೆ ಎಷ್ಟು ಬಸ್ ಎಂಬುದನ್ನು ಬರೆದು ಕಳಿಸಿದ ಒಂದು ಪುಟಕ್ಕೆ ನೂರು ಜನರ ಘೋಷಣೆಗಿಂತ ಹೆಚ್ಚು ಬೆಲೆ. ಸರಕಾರ ಅದನ್ನು ಪರಿಶೀಲಿಸಬೇಕು ಅನ್ನೋದು ಕಾಯ್ದೆಯಲ್ಲೇ ಇದೆ, ಘೋಷಣೆ ಕೂಗಿದ್ದನ್ನು ಪರಿಶೀಲಿಸಬೇಕು ಅಂತ ಎಲ್ಲೂ ಇಲ್ಲ.

ಕ್ಷೇತ್ರದ ಗೆರೆಯೂ ಇದೆ

ರಾಜಕಾರಣಿಗಳ ಲೆಕ್ಕ ಇನ್ನೊಂದಿದೆ, ಅದನ್ನು ಅವರು ವೇದಿಕೆ ಮೇಲೆ ಹೇಳೋದಿಲ್ಲ. ಹಿಂದಿನ ಕ್ಷೇತ್ರ ಪುನರ್ವಿಂಗಡಣೆಯಲ್ಲಿ ವಿಧಾನಸಭಾ ಕ್ಷೇತ್ರಗಳು ಜಿಲ್ಲೆಯ ಗಡಿ ದಾಟದಂತೆ ಗೆರೆ ಎಳೆದಿದ್ದರು. 2004ರ ಫೆಬ್ರುವರಿಯಲ್ಲಿ ಇದ್ದ ಜಿಲ್ಲಾ ಗಡಿಗಳೇ ಅದಕ್ಕೆ ಆಧಾರ. ಈಗ ನಡೆಯುವ ಗಣತಿಯ ನಂತರ ಮತ್ತೆ ಪುನರ್ವಿಂಗಡಣೆಯ ಮಾತಿದೆ. ಜಿಲ್ಲೆಯ ಗೆರೆ ಎಲ್ಲಿ ಬೀಳುತ್ತದೆ ಅನ್ನೋದರ ಮೇಲೆ ಯಾವ ಊರಿನ ವೋಟು ಯಾವ ಕ್ಷೇತ್ರಕ್ಕೆ ಎಂಬುದೂ ನಿಲ್ಲಬಹುದು. ಕೆಲವು ನಾಯಕರು ಜಿಲ್ಲೆ ಬೇಕು ಎನ್ನುತ್ತಲೇ ನಕ್ಷೆಯ ಬಗ್ಗೆ ಬಾಯಿ ಬಿಡದೆ ಇರೋದನ್ನು ಈ ಬೆಳಕಿನಲ್ಲೂ ನೋಡಬಹುದು.

ಇನ್ನು ದಿನಗಳ ಲೆಕ್ಕ. ಗಡಿಯ ತಡೆ 2027ರ ಮಾರ್ಚ್ 31ಕ್ಕೆ ಮುಗಿಯುತ್ತದೆ. ರಾಜ್ಯದ ವಿಧಾನಸಭಾ ಚುನಾವಣೆ 2028ರ ಮೇ ಒಳಗೆ ಆಗಬೇಕು, ಅದಕ್ಕೂ ಮೊದಲು ನೀತಿಸಂಹಿತೆ ಬರುತ್ತದೆ. ಇವೆರಡರ ನಡುವೆ ಸಿಗೋದು ಸುಮಾರು ಒಂದು ವರ್ಷ. ವಿಜಯನಗರದ ಲೆಕ್ಕದಲ್ಲಿ ಅದು ಸಾಕಾಗುವಷ್ಟು ಸಮಯ. ಆದರೆ ಜಿಲ್ಲಾಧಿಕಾರಿ, ಎಸ್‌ಪಿ, ಜಿಲ್ಲಾ ಪಂಚಾಯತಿ ಸಿಇಒ ಕಚೇರಿಗಳಿಗೆ ಹುದ್ದೆ ಮಂಜೂರಾಗಬೇಕು, ಕಟ್ಟಡಕ್ಕೆ ದುಡ್ಡು ಬೇಕು. ಆ ದುಡ್ಡು 2027-28ರ ಬಜೆಟ್ಟಿನಲ್ಲಿ ಇರಬೇಕು, ಆ ಬಜೆಟ್ ಮಂಡನೆಯಾಗೋದು ತಡೆ ಇನ್ನೂ ಜಾರಿಯಲ್ಲಿರುವಾಗಲೇ. ಅವತ್ತು ಮುಖ್ಯಮಂತ್ರಿಗಳ ಭಾಷಣದಲ್ಲಿ ಗೋಕಾಕದ ಹೆಸರಿನ ಮುಂದೆ ಒಂದು ಮೊತ್ತ ಇದೆಯೋ ಇಲ್ಲವೋ ಅನ್ನೋದನ್ನು ನೋಡಿದರೆ, ಏಪ್ರಿಲ್ 1ರಿಂದ ಏನಾಗುತ್ತದೆ ಅನ್ನೋದು ಗೊತ್ತಾಗುತ್ತದೆ.